ಗಾಳಿಕಂಬದ ಬುಡದಾಗ ನಮ್ಮ ಬಾವಿ

ಹುಮನಾಬಾದ್ ರೋಡು

ಗಾಳಿಕಂಬದ ರೆಕ್ಕಿ ನಾ ಪೈಲಾ ನೋಡಿದ್ದು ಹುಮನಾಬಾದ್‌ದಾಗ. ಹೈದರಾಬಾದ್ ರೋಡಿನ ತಿರುವಿನಾಗ ಒಂದು ಉದ್ದನ ಲಾರಿ ಸಿಕ್ಕಿಬಿದ್ದಿತ್ತು. ಅದರ ಮ್ಯಾಲ ಒಂದೇ ಒಂದು ಬಿಳಿ ರೆಕ್ಕಿ. ಲಾರಿ ಮೂತಿ ಚಹಾದಂಗಡಿ ಮುಂದ, ರೆಕ್ಕಿ ತುದಿ ಪೆಟ್ರೋಲ್ ಪಂಪಿನ ಹತ್ರ. ಬಸ್ಸು, ಆಟೋ, ಕಬ್ಬಿನ ಟ್ರ್ಯಾಕ್ಟರ್ ಎಲ್ಲಾ ನಿಂತುಬಿಟ್ಟಿದ್ದವು. ನಾ ಮುಡಬಿ ಬಸ್ಸಿನಾಗ ಕೂತು ಬೈದೆ. ಇಷ್ಟು ದೊಡ್ಡದು ಮಾಡಿದವರಿಗೆ ರೋಡು ಸಣ್ಣದು ಅದ ಅಂತ ಗೊತ್ತಿರಲಿಲ್ಲೇನು?

ಅವತ್ತು ಯಾರರ ಬಂದು, "ಸರೂಬಾಯಿ, ಇಂಥವು ಸಮುದ್ರದಾಗ ತಿರುಗೋದು ನೀ ನೋಡಿ ಬರ್ತಿ" ಅಂದಿದ್ರ ಅವರಿಗೂ ಬೈತಿದ್ದೆ. ಈಗ ಹೋಗಿ ಬಂದೀನಿ. ನಮ್ಮ ಮಹಿಳಾ ಸಂಘದ ಹೆಣ್ಮಕ್ಕಳು ಕೂಡಿದಾಗೊಮ್ಮೆ ಹೇಳು ಹೇಳು ಅಂತಾರ. ಹೇಳಿ ಹೇಳಿ ಬಾಯಿ ನೋವು ಬಂತು. ಬರೆದುಬಿಡ್ತೀನಿ, ಓದ್ಕೊಳ್ರಿ. ನಾ ಅಕ್ಷರ ಕಲಿತದ್ದು ಕೂದಲು ಬೆಳ್ಳಗಾದ ಮ್ಯಾಲ. ತಪ್ಪಿದ್ದಲ್ಲಿ ತಿದ್ದಿಕೊಳ್ರಿ, ನನಗ ಬಂದು ಹೇಳಬ್ಯಾಡ್ರಿ.

ಸುಜಾತಾ ನನ್ನ ಮಗಳು ರುಕ್ಮಿಣಿಯ ಮಗಳು. ಬೀದರ್‌ದಾಗ ಮೀನಿನ ಓದು ಓದಿದ್ಲು. ಊರಿಗೆ ಊರೇ ನಕ್ಕಿತ್ತು. ರಾಜೇಶ್ವರದಾಗಿನ ನಮ್ಮ ಬೀಗರು, "ತ್ರಿಪುರಾಂತ ಕೆರಿಯಾಗಿನ ಮೀನ ಎಣಿಸಾಕ ಇಷ್ಟು ವರ್ಷ ಓದಬೇಕೇನು?" ಅಂತ ನನ್ನ ಮುಂದೇ ಕೇಳಿದ್ರು. ಈಗ ಅಕಿ ನೆದರ್ಲ್ಯಾಂಡ್ ಅನ್ನೋ ದೇಶದಾಗ ಇದ್ದಾಳ. ಅಲ್ಲಿ ಸಮುದ್ರದ ನಡುವ ಗಾಳಿಕಂಬ ನಿಲ್ಲಿಸ್ತಾರ. ನೀರಿನ ಸೆಳವು ಕಂಬದ ಬುಡದ ಉಸುಕು ಕೊರೀಬಾರದು ಅಂತ ಸುತ್ತಲೂ ಕಲ್ಲು ಸುರೀತಾರ. ಆ ಕಲ್ಲು ಹ್ಯಾಂಗ ಹಾಕಿದ್ರ ಮೀನಕ್ಕ, ಏಡಿಗೆ, ಸಿಂಪಿಗೆ ಮನಿ ಆಗ್ತದ ಅಂತ ನೋಡೋದು ಅಕಿ ಕೆಲಸ.

ಅದು ಅಕಿಗೆ ಹೊಳೆದದ್ದು ನಮ್ಮ ಬಾವಿ ನೋಡಿ. ನಾ ಮದುವಿಯಾಗಿ ಮುಡಬಿಗೆ ಬಂದಾಗ ನಮ್ಮ ಓಣ್ಯಾಗ ಇದ್ದದ್ದು ಏಳು ಮನಿ. ಊರ ಬಾವಿಗೆ ನಮ್ಮನ್ನ ಬಿಡ್ತಿರಲಿಲ್ಲ. ಕೊಡ ಹಿಡಿದು ಕಟ್ಟಿ ಕೆಳಗ ನಿಲ್ಲಬೇಕು, ಯಾರಿಗರ ಮನಸ್ಸು ಬಂದ್ರ ಮ್ಯಾಲಿಂದ ಹೊಯ್ತಿದ್ರು, ಬರಲಿಲ್ಲಂದ್ರ ಇಲ್ಲ. ಕಡೀಗೆ ಏಳು ಮನಿಯವರು ಕೂಡಿ ನಮ್ಮದೇ ಬಾವಿ ಅಗದ್ವಿ. ಗಂಡಸರು ಅಗದ್ರು. ಒಳಗಿನ ಕಲ್ಲು ಕಟ್ಟಿದ್ದು ನನ್ನ ಗಂಡ ಮತ್ತ ನಾವು ಹೆಣ್ಮಕ್ಕಳು. ಸುಣ್ಣ ಇಲ್ಲ, ಸಿಮೆಂಟ್ ಇಲ್ಲ, ಕಲ್ಲಿನ ಮ್ಯಾಲ ಕಲ್ಲು.

ನಮ್ಮ ಮಾವ ಮ್ಯಾಲ ಕೂತು ಒಂದೇ ಮಾತು ಹೇಳ್ತಿದ್ದ. "ಎಲ್ಲಾ ಕಲ್ಲು ಒಂದೇ ಅಳತೀದು ಹಾಕಬ್ಯಾಡ್ರಿ. ಕಲ್ಲಿನ ಒಂದೊಂದು ಸುತ್ತಿನಾಗ ಒಂದು, ಕೈ ಹೋಗೋವಷ್ಟು ಸಂದಿ ಬಿಡ್ರಿ. ಬೆರಳು ಹೋಗೋವಷ್ಟರದು ನಾಕು ಬಿಡ್ರಿ. ಕಪ್ಪಿ ಇರಲಿ, ಏಡಿ ಇರಲಿ. ನೀರಾಗಿನ ಹುಳ ತಿನ್ನೋರು ಯಾರು, ನಿಮ್ಮಪ್ಪನೇನು?" ಆ ಸಂದಿಯೊಳಗ ಯಾರೂ ಕೈ ಹಾಕಬಾರದು, ಹಾಕಿದ್ರ ಅವತ್ತಿನ ನೀರು ಅವರೇ ಸೇದಬೇಕು. ಅದು ಏಳು ಮನಿಯ ಕರಾರು. ಕಪ್ಪಿ ಇಲ್ಲದ ಬಾವಿ ನೀರು ನಾವು ಕುಡಿಯೋದಿಲ್ಲ, ಇವತ್ತಿಗೂ.

ಸುಜಾತಾ ಒಂದು ಕಂಬದ ಬುಡಕ್ಕ ಹಂಗೇ ಸಣ್ಣದು ದೊಡ್ಡದು ಕಲ್ಲು ಕೂಡಿಸಿ ಹಾಕಿಸಿದ್ಲು. ಪಕ್ಕದ ಕಂಬಕ್ಕ ಕಂಪನಿ ತನ್ನ ರೂಢಿ ಪ್ರಕಾರ ಒಂದೇ ಅಳತಿ ಕಲ್ಲು ಸುರೀತು. ಎರಡೂ ಗುಡ್ಡಿಯೊಳಗ ಒಂದೊಂದು ಕಬ್ಬಿಣದ ಬುಟ್ಟಿಯಾಗ ಆಯಾ ಗುಡ್ಡಿ ಕಲ್ಲೇ ತುಂಬಿ ಇಟ್ಟಿದ್ರು, ಆಮ್ಯಾಲ ಎತ್ತಿ ನೋಡಾಕ. ಎರಡು ವರ್ಷ ಆಗಿತ್ತು. ಈ ಬ್ಯಾಸಿಗಿಗೆ ಎತ್ತೋದಿತ್ತು. ಅಕಿ ಬುಟ್ಟಿಯಾಗ ಜೀವ ಕಾಣಲಿಲ್ಲಂದ್ರ ಮುಂದ ನಿಲ್ಲಿಸೋ ಕಂಬಕ್ಕೆಲ್ಲಾ ಒಂದೇ ಅಳತಿ ಕಲ್ಲು, ಅಕಿ ಕೆಲಸ ಬಂದ್.

"ಆಯಿ, ಎತ್ತುವಾಗ ನೀ ಇಲ್ಲಿ ಇರಬೇಕು" ಅಂತ ಫೋನ್ ಮಾಡಿದ್ಲು.

"ನಾ ಬಂದು ಏನು ಮಾಡ್ಲಿ? ಆ ದೇಶದಾಗ ಕಲ್ಲು ಎತ್ತೋರು ಇಲ್ಲೇನು?"

"ಖಾಲಿ ಬಂದ್ರ ನನ್ನ ಬೈಯಾಕ ಯಾರರ ಬೇಕಲ್ಲ. ಇಲ್ಲಿಯವ್ರಿಗೆ ನಮ್ಮಂಗ ಬೈಯಾಕ ಬರಂಗಿಲ್ಲ."

"ಹಂಗಂದ್ರ ಬರ್ತೀನಿ" ಅಂದೆ.

ಹೈದರಾಬಾದ್

ವಯಸ್ಸಾದವರು ಒಬ್ಬರೇ ಹೋದ್ರ ದಾರಿ ತಪ್ಪತಾರ ಅಂತ ಸುಜಾತಾ ಮೊದಲೇ ಗಾಲಿ ಕುರ್ಚಿಗೆ ಬರೆಸಿದ್ಲು. ರುಕ್ಮಿಣಿ ನನ್ನ ವಿಮಾನ ನಿಲ್ದಾಣದ ಬಾಗಲ ತನಕ ಬಿಟ್ಟು ಹೋದ್ಲು. ಒಳಗ ಒಂದು ಹುಡುಗಿ ಕುರ್ಚಿ ತಳ್ಕೊಂಡು ಬಂತು. ಕಟಿಗಿ ಕಡ್ಡಿಯಂಥ ಕೈ. "ಬೈಠೋ ಅಮ್ಮಾ" ಅಂತು. ನಾ ಜನ್ಮವೆಲ್ಲಾ ಕಲ್ಲು ಹೊತ್ತಾಕಿ, ಈ ಕೂಸಿನ ಕೈಲೆ ತಳ್ಳಿಸಿಕೊಳ್ಳಲೇನು? ನೀ ಕೂಡು, ನಾ ತಳ್ತೀನಿ ಅಂದೆ. ಅಕಿ ನಕ್ಕು ನಕ್ಕು ಕಣ್ಣೀರು ವರಸ್ಕೊಂಡ್ಲು, ಕೂಡಲಿಲ್ಲ. ಕಡೀಗೆ ನನ್ನ ಗಂಟು ಕುರ್ಚಿ ಮ್ಯಾಲ ಕೂತಿತು, ನಾವಿಬ್ಬರು ಅದರ ಹಿಂದ ಆಳುಗಳ ಹಂಗ ನಡದ್ವಿ.

ತಪಾಸಣಿ ಕಡೆ ಗಂಟು ನಿಲ್ಲಿಸಿದ್ರು. ಒಳಗ ಸುತ್ತಿಗಿ ಇತ್ತು. "ಅಮ್ಮಾ, ಯೇ ಹತೋಡಾ ಕಾಯ್ಕು?" ಅಂತ ಪೊಲೀಸ್ ಹೆಣ್ಮಗಳು ಕೇಳಿದ್ಲು. ಸುತ್ತಿಗಿ ಯಾಕ ಅಂತ ಕೇಳಿದ್ರ ಏನು ಹೇಳೋದು? ಕಲ್ಲಿನ ಕೆಲಸಕ್ಕ ಹೊಂಟೀನಿ ಅಂದೆ. ಆಕಾಶದಾಗ ಕಲ್ಲು ಎಲ್ಲಿ ಅವ ಅಂದ್ಲು. ಅದೂ ಖರೆ. ತಗೊಂಡು ಡಬ್ಬಿಯಾಗ ಒಗೆದ್ರು. ಅದು ನನ್ನ ಗಂಡನ ಸುತ್ತಿಗಿ, ಬಾವಿ ಕಟ್ಟಿದ್ದು ಅದರಿಂದಲೇ. ಗಂಡ ಹೋಗಿ ಭಾಳ ವರ್ಷ ಆತು, ಅವತ್ತು ಸುತ್ತಿಗೀನೂ ಹೋತು. ಮುಂದ ನಡದೆ.

ವಿಮಾನದ ಬಗ್ಗೆ ಬರಿಯೋದು ಏನೂ ಇಲ್ಲ. ಕೂತೆ, ಕಾಲು ಬಾತವು, ಇಳಿದೆ.

ಒಡ್ಡಿನ ದೇಶ

ಸುಜಾತಾ ಇರೋ ಊರಿನಾಗ ನೆಲ ಕೆಳಗ, ಸಮುದ್ರ ಮ್ಯಾಲ. ನಾ ಮೊದಲು ಸುಳ್ಳು ಅಂದೆ. ಅಕಿ ನನ್ನ ಒಡ್ಡಿನ ಮ್ಯಾಲ ಹತ್ತಿಸಿ ತೋರಿಸಿದ್ಲು. ಈ ಕಡೆ ಮನಿ, ದನ, ಹುಲ್ಲು. ಆ ಕಡೆ ನೀರು, ಮನಿಗಿಂತ ಮ್ಯಾಲ. ನಾವು ಹೊಲದ ನೀರು ಹೊರಗ ಹೋಗಬಾರದು ಅಂತ ಒಡ್ಡು ಹಾಕ್ತೀವಿ, ಅವ್ರು ಹೊರಗಿನ ನೀರು ಒಳಗ ಬರಬಾರದು ಅಂತ ಹಾಕ್ಯಾರ. ನಮ್ಮಲ್ಲಿ ಒಡ್ಡಿನ ಮ್ಯಾಲ ಕುರಿ ಹೋದ್ರ ಜಗಳ ಆಗ್ತದ. ಅಲ್ಲಿ ಬೇಕಂತಲೇ ಕುರಿ ಬಿಡ್ತಾರ. ಕುರಿ ತುಳಿದ್ರ ಮಣ್ಣು ಗಟ್ಟಿ ಆಗ್ತದಂತ, ಹುಲ್ಲೂ ಸಣ್ಣಾಗ್ತದಂತ. ಅಷ್ಟು ಎತ್ತರದ ಒಡ್ಡಿನಾಗ ಒಂದು ಕಡೇನೂ ಕುಸಿದದ್ದು ನಾ ಕಾಣಲಿಲ್ಲ. ಮಣ್ಣು ಕೈಲೆ ಹಿಡಿದು ನೋಡಿದೆ. ಕೆಲಸ ಅಂದ್ರ ಅದು.

ಅಲ್ಲಿ ಕಿಟಕಿಗೆ ಪರದಾ ಹಾಕೋದಿಲ್ಲ. ರೋಡಿನಿಂದ ನೋಡಿದ್ರ ಸೋಫಾ, ಟೀವಿ, ಉಣ್ಣೋ ತಾಟು ಎಲ್ಲಾ ಕಾಣ್ತದ. ಒಂದು ಮನಿ ಮುಂದ ನಿಂತು ನೋಡಾಕತ್ತೆ. ಒಳಗ ಒಬ್ಬ ಮುದುಕ ಕೈ ಮಾಡಿದ. ನಾನೂ ಮಾಡಿದೆ. ಮತ್ತ ನಿಂತೆ. ಸುಜಾತಾ ನನ್ನ ರಟ್ಟಿ ಹಿಡಿದು ಎಳೆದ್ಲು.

"ಆಯಿ, ಇಲ್ಲಿ ಪರದಾ ಹಾಕೋದೂ ಇಲ್ಲ, ಯಾರೂ ಒಳಗ ಇಣುಕೋದೂ ಇಲ್ಲ."

"ನೋಡಬಾರದಂದ್ರ ತೆರೆದು ಇಡೋದು ಯಾಕ?"

ಅಕಿ ನನ್ನ ಎಳಕೊಂಡೇ ನಡದ್ಲು. ನನಗ ಆ ಮುದುಕ ಛಲೋ ಅನಿಸಿದ.

ಸುಜಾತಾನ ಮ್ಯಾಲಿನ ಸಾಹೇಬ ಹೆಣ್ಮಗಳು. ಹೆಸರು ಮಾರ್ಗ್ರೀಟ್. ನಾ ಮಾರ್ಗ್ರೀಟ್‌ಬಾಯಿ ಅಂತ ಕರದೆ, ಅಕಿಗೆ ಅದು ಲಾಯಕ್ ಅನಿಸ್ತು. ನನಗಿಂತ ಹತ್ತು ವರ್ಷ ಸಣ್ಣಾಕಿ ಇರಬೇಕು. ಗಂಡಸರ ಬೂಟು, ಎಣ್ಣಿ ಇಲ್ಲದ ಕೂದಲು, ಸಮುದ್ರದ ಗಾಳಿಗೆ ಸುಟ್ಟ ಮಾರಿ. ಮನಿಗೆ ಕರದು ಕಾಫಿ ಕೊಟ್ಲು. ಒಂದು ಡಬ್ಬಿ ತೆಗೆದು ಮುಂದ ಹಿಡಿದ್ಲು. ನಾ ಒಂದು ಬಿಸ್ಕೀಟ್ ತಗೊಂಡೆ. ಅಕಿ ಟಪ್ ಅಂತ ಡಬ್ಬಿ ಮುಚ್ಚಿ ಕಪಾಟಿನಾಗ ಇಟ್ಲು! ನಮ್ಮಲ್ಲಿ ಆಗಿದ್ರ ಬ್ಯಾಡ ಅಂದ್ರೂ ಮೂರು ಸಲ ಹಾಕೋರು, ನಾಕನೇದು ತಲಿ ಮ್ಯಾಲ ಹಾಕೋರು. ನಾ ಸುಜಾತಾನ ಮಾರಿ ನೋಡಿದೆ.

"ಇಲ್ಲಿ ಒಂದೇ" ಅಂತ ನಮ್ಮ ಮಾತಿನಾಗ ಹೇಳಿದ್ಲು.

"ಯಾಕ, ಅಕಿಗೆ ಬಡತನವೇನು?"

"ಇಲ್ಲ ಆಯಿ. ರೂಢಿ."

ಮರುದಿನ ಮಾರ್ಗ್ರೀಟ್‌ಬಾಯಿಗೆ ನಾ ಒಯ್ದ ಜ್ವಾಳದ ಕಡಕ್ ರೊಟ್ಟಿ ಮ್ಯಾಲ ಶೇಂಗಾ ಹಿಂಡಿ ಪುಡಿ ಹಾಕಿ ಕೊಟ್ಟೆ. ಅಕಿ ತಿರುವಿ ತಿರುವಿ ನೋಡಿ, ಕಡಿದು, ಏನೋ ಅಂದ್ಲು. ಏನಂತ ಅಂತ ಕೇಳಿದೆ. "ಇದು ಹಂಚಿನ ಹಂಗ ಅದ, ಆದ್ರ ಹಿಂಡಿ ಛಲೋ ಅದ" ಅಂದ್ಲಂತ. ನನಗ ಸಿಟ್ಟು ಬರಲಿಲ್ಲ. ಮಾರಿ ಮುಂದ ಹೇಳೋ ಮಂದಿ ನನಗ ಸೇರ್ತಾರ. ಶೇಂಗಾ ಹಿಂಡಿ ಡಬ್ಬಿ ಅಕಿಗೇ ಕೊಟ್ಟುಬಿಟ್ಟೆ.

ಬಂದರಿನ ಶೆಡ್ಡು

ಸಮುದ್ರಕ್ಕ ಹೋಗೋದು ಎರಡು ದಿನ ಇತ್ತು. ಸುಜಾತಾ ನನ್ನ ಬಂದರಿನ ಶೆಡ್ಡಿಗೆ ಕರ್ಕೊಂಡು ಹೋದ್ಲು. "ಆಯಿ, ನಾ ಒಂದು ಮೀಟಿಂಗ್ ಮುಗಿಸಿ ಬರ್ತೀನಿ, ಇಲ್ಲೇ ಕೂಡು" ಅಂದು ಹೋದ್ಲು. ಶೆಡ್ಡಿನಾಗ ನಾ ಒಬ್ಬಾಕಿ. ಎರಡು ದೊಡ್ಡ ತೊಟ್ಟಿ, ಅವುಗಳಾಗ ಉಪ್ಪು ನೀರು, ನೀರಾಗ ಬುಟ್ಟಿಗಟ್ಟಲೆ ಹಳೆ ಚಿಪ್ಪು. ಚಿಪ್ಪಿನ ಮ್ಯಾಲ ಕಂದು ಬಣ್ಣದ ಹೊಲಸು, ಅಲ್ಲಲ್ಲಿ ಎಳ್ಳಿನ ಕಾಳಿನಷ್ಟು ಗಂಟು ಗಂಟು. ಗ್ವಾಡಿಗೆ ಬಿರುಸಾದ ಬ್ರಷ್ ತೂಗು ಹಾಕಿದ್ರು.

ನನ್ನ ಕೈ ಸುಮ್ಮನ ಕೂಡೋ ಕೈ ಅಲ್ಲ. ಎರಡು ದಿನದ ಮ್ಯಾಲ ಇವನ್ನ ಒಯ್ಯಬೇಕು ಅಂದಿದ್ಲು. ಹೊಲಸು ಇಟ್ಕೊಂಡು ಯಾರರ ಒಯ್ತಾರೇನು? ಸೀರಿ ಕಚ್ಚಿ ಬಿಗಿದು ಕೂತೆ. ಒಂದೊಂದೇ ಚಿಪ್ಪು ತಗೊಂಡು ತಿಕ್ಕಿದೆ. ಗಂಟು ಗಟ್ಟಿ ಇದ್ದವು, ಉಗುರಿಲೆ ಕೆರೆದೆ. ಮೋರಿಗೆ ನೀರು ಬಿಟ್ಟು ತೊಳೆದೆ. ಒಂದು ತೊಟ್ಟಿ ಮುಗೀತು. ನೆಲದ ಮ್ಯಾಲ ಪ್ಲಾಸ್ಟಿಕ್ ಹಾಸಿ, ಹಬ್ಬದ ಭಾಂಡಿ ಡಬ್ಬು ಹಾಕಿದಂಗ ಸಾಲಾಗಿ ಡಬ್ಬು ಹಾಕಿದೆ. ಬೆಳ್ಳಗ ಹೊಳೀತಿದ್ದವು. ಎರಡನೇ ತೊಟ್ಟಿಗೆ ಕೈ ಹಾಕೋದ್ರೊಳಗ ಸುಜಾತಾ ಬಂದ್ಲು.

ಅಕಿ ಬಾಗಲದಾಗೇ ನಿಂತ್ಲು.

"ಆಯಿ. ಏನು ಮಾಡ್ದಿ?"

"ಕಾಣಂಗಿಲ್ಲೇನು? ತೊಳದೀನಿ. ಇಷ್ಟು ಓದೀರಿ, ಒಬ್ಬರಿಗೂ ಚಿಪ್ಪು ತೊಳಿಬೇಕು ಅಂತ ತಿಳಿಯಂಗಿಲ್ಲ."

"ಆಯಿ, ಅದು ಹೊಲಸು ಅಲ್ಲ. ಅವು ಕೂಸು."

"ಎಲ್ಲಿ ಕೂಸು?"

"ಆ ಕಾಳಿನಂಥವು. ಸಿಂಪಿ ಮರಿ. ನೀ ಕೆರೆದು ಚೆಲ್ಲಿದಿಯಲ್ಲ, ಅವೇ."

ನಾ ಮೋರಿ ನೋಡಿದೆ. ಮೋರಿಯಾಗ ನೀರು ಹೋಗಿಬಿಟ್ಟಿತ್ತು.

ಅಕಿ ಒಂದು ಖಾಲಿ ಬಕೀಟು ಡಬ್ಬು ಹಾಕಿ ಅದರ ಮ್ಯಾಲ ಕೂತ್ಲು. ಅಳಲಿಲ್ಲ. ಅತ್ತಿದ್ರ ಬೈದು ಸುಮ್ಮನಾಗಿಸ್ತಿದ್ದೆ. ನಿಧಾನ ಹೇಳಿದ್ಲು. ಮುತ್ತಜ್ಜರ ಕಾಲದಾಗ ಆ ಸಮುದ್ರದ ತಳದ ತುಂಬ ಸಿಂಪಿ ಇದ್ದವಂತ, ಒಂದರ ಮ್ಯಾಲ ಒಂದು ಹತ್ತಿ ಗುಡ್ಡಿ ಗುಡ್ಡಿ. ದೊಡ್ಡ ಬಲಿ ತಳ ಕೆರೆದು ಕೆರೆದು ಎಲ್ಲಾ ಹೋದವು. ದನ ಬಿಟ್ಟು ಬಿಟ್ಟು ಬೋಳಾದ ಗಾಯರಾಣದ ಹಂಗ ಆತು ಸಮುದ್ರ. ಈಗ ಗಾಳಿಕಂಬದ ನಡುವ ಬಲಿ ಎಳೆಯೋ ದೋಣಿ ಬರೋ ಹಂಗಿಲ್ಲ. ನೆಲಕ್ಕ ಆರಾಮ ಸಿಕ್ಕದ. ಸಿಂಪಿ ಮತ್ತ ಬದುಕಬಹುದು. ಆದ್ರ ಮರಿ ತಾವಾಗೇ ಬಂದು ಕಲ್ಲಿಗೆ ಕೂತದ್ದು ಇನ್ನೂ ಕಂಡಿಲ್ಲ. ಅದಕ್ಕ ಶೆಡ್ಡಿನಾಗ ಸಾಕಿ, ಚಿಪ್ಪಿಗೆ ಹತ್ತಿಸಿ, ಒಯ್ದು ಬಿಡ್ತಾರ. ಅರ್ಧ ನಾ ತೊಳದುಬಿಟ್ಟಿದ್ದೆ.

ಗೊತ್ತಿಲ್ಲದ ಮನಿಯಾಗ ಕೈ ಹಾಕಿದೆ. ಬಾವಿ ಸಂದಿಯೊಳಗ ಕೈ ಹಾಕಬಾರದು ಅಂತ ಇಡೀ ಓಣಿ ಮಕ್ಕಳಿಗೆ ಬೈದಾಕಿ ನಾನೇ.

ಮಾರ್ಗ್ರೀಟ್‌ಬಾಯಿ ಬಂದ್ಲು. ಸಾಲು ನೋಡಿದ್ಲು. ಒಂದು ಚಿಪ್ಪು ಎತ್ತಿ, ಭೂತಗನ್ನಡಿ ಹಿಡಿದು ನೋಡಿದ್ಲು. ಇನ್ನೊಂದು. ಮತ್ತೊಂದು. ಆಮ್ಯಾಲ ನನ್ನ ಕಡೆ ತಿರುಗಿ ಎರಡು ಮಾತು ಹೇಳಿದ್ಲು. ಸುಜಾತಾ ಹೊಳ್ಳಿಸಿ ಹೇಳಾಕ ಹಿಂದ ಮುಂದ ನೋಡಿದ್ಲು.

"ಹೇಳು, ಅಕಿ ಏನಂದ್ಲು ಅದನ್ನೇ ಹೇಳು" ಅಂದೆ.

"'ನೀ ಮಾಡಿದ್ದು ದೊಡ್ಡ ತಪ್ಪು. ಆದ್ರ ಕೆಲಸ ಮಾತ್ರ ಭಾಳ ಛಲೋ ಮಾಡೀದಿ, ಒಂದೂ ಉಳಿದಿಲ್ಲ' ಅಂದ್ಲು."

"ತಪ್ಪಾತು ಅಂತ ಹೇಳು."

ಹೇಳಿದ್ಲು. ಮಾರ್ಗ್ರೀಟ್‌ಬಾಯಿ ಹೂಂ ಅಂತ ತಲಿ ಹಾಕಿದ್ಲು. ಅಷ್ಟೇ. ಕಾಫಿ ಕೊಟ್ಲು, ಡಬ್ಬಿ ತೆಗೆದ್ಲು, ಒಂದು ಬಿಸ್ಕೀಟ್, ಟಪ್. ನಾ ಆ ಮಂದೀನ್ನ ಮೆಚ್ಚಿದ್ದು ಅವತ್ತು. ನಮ್ಮಲ್ಲಿ ಆಗಿದ್ರ ಮುಂದ ಯಾರೂ ಏನೂ ಅಂತಿರಲಿಲ್ಲ, ಹಿಂದ ಹತ್ತು ವರ್ಷ ಅಂತಿದ್ರು.

ನಾ ತಿಕ್ಕಿದ ಚಿಪ್ಪು ಅಕಿ ಒಗೀಲಿಲ್ಲ. ಒಂದು ಸಣ್ಣ ಕಬ್ಬಿಣದ ಬುಟ್ಟಿಗೆ ತುಂಬಿಸಿ ಬಾಯಿ ಕಟ್ಟಿ, ದೋಣಿಗೆ ಹಾಕ್ರಿ ಅಂದ್ಲು. ಯಾಕ ಅಂತ ಸುಜಾತಾಗೂ ಹೇಳಲಿಲ್ಲ.

ಸಮುದ್ರ

ದೋಣಿ ಹತ್ತೋ ಮೊದಲು ಕಾಗದಕ್ಕ ಸಹಿ ಮಾಡಿಸಿದ್ರು. ಮುದುಕಿ ಸತ್ರ ನಾವು ಜವಾಬ್ದಾರಿ ಅಲ್ಲ ಅಂತ ಇರಬೇಕು. ಮಾಡಿದೆ. ಕೇಸರಿ ಬಣ್ಣದ ದಪ್ಪ ಅಂಗಿ-ಚೊಣ್ಣ ಕೊಟ್ರು. ಕಚ್ಚಿ ಸೀರಿ ಅದರೊಳಗ ತುರುಕೋದ್ರಾಗ ಇಬ್ಬರು ಹೆಣ್ಮಕ್ಕಳು ಬೆವತ್ರು. ಹೊರಗ ಬಂದಾಗ ನಾ ತೊಗರಿ ತುಂಬಿದ ಚೀಲದ ಹಂಗ ಇದ್ದೆ.

ಒಂದು ತಾಸೂ ಆಗಿರಲಿಲ್ಲ, ತಿಂದದ್ದೆಲ್ಲಾ ಸಮುದ್ರಕ್ಕ ಕೊಟ್ಟೆ. ಕಂಪನಿ ಸಾಹೇಬ ಒಬ್ಬ ಇದ್ದ, ನನಗಿಂತ ಜೋರಾಗಿ ಕಾರಿದ. ಅದರಿಂದ ನಮಗ ಪರಿಚಯ ಆತು.

ಆಮ್ಯಾಲ ಕಂಬ ಕಂಡವು. ಹುಮನಾಬಾದ್‌ದಾಗ ಒಂದು ರೆಕ್ಕಿಗೆ ರೋಡೇ ಸಾಲಲಿಲ್ಲ. ಇಲ್ಲಿ ನೋಡಿದಲ್ಲಿ ತನಕ ಕಂಬ, ಕಂಬಕ್ಕ ಮೂರು ರೆಕ್ಕಿ, ಸುತ್ತ ಬರೀ ನೀರು. ಅವಸರ ಇಲ್ಲ, ಸದ್ದು ಇಲ್ಲ, ಬೀಸುಕಲ್ಲಿನ ಹಂಗ ತಿರುಗತಾವ. ನಾ ಬಾಯಿ ಒರಸ್ಕೊಂಡು ಭಾಳ ಹೊತ್ತು ನೋಡಿದೆ. ಮನುಷ್ಯಾರು ಮಾಡಿದ್ದ್ರಾಗ ಇಷ್ಟು ದೊಡ್ಡದು, ಇಷ್ಟು ಸುಮ್ಮನ ಇರೋದು ನಾ ಇನ್ನೊಂದು ಕಂಡಿಲ್ಲ.

ಇಂಥ ಕಂಬ ನೆಲಕ್ಕ ಹೊಡೆಯುವಾಗ ಮೀನ ಹೆದರಂಗಿಲ್ಲ ಏನು ಅಂತ ಕೇಳಿದೆ. ಬಾವಿ ತಳದಾಗ ಬಂಡಗಲ್ಲು ಬಂದ್ರ ನಾವು ಮದ್ದಿನ ಬಾರು ಹಾಕಿ ಒಡೀತಿದ್ವಿ. ಬೆಂಕಿ ಹಚ್ಚೋ ಮೊದಲು ನನ್ನ ಗಂಡ ಮೂರು ಸಲ "ಬಾರು! ಬಾರು! ಬಾರು!" ಅಂತ ಕೂಗ್ತಿದ್ದ. ಮಕ್ಕಳು, ಕೋಳಿ, ಆಡು ಎಲ್ಲಾ ದೂರ ಹೊಡೀತಿದ್ವಿ. ಸುಜಾತಾ ಅಂದ್ಲು, ಇಲ್ಲೂ ಹಂಗೇ ಅದ ಆಯಿ. ಮೊದಲು ಮೆಲ್ಲಕ ಮೆಲ್ಲಕ ಹೊಡೀತಾರ, ಹೋಗೋರು ಹೋಗ್ಲಿ ಅಂತ. ಆಮ್ಯಾಲ ಜೋರು. ಮತ್ತ ಕಂಬದ ಸುತ್ತ ತಳದಾಗ ತೂತಿನ ಪೈಪು ಹಾಸಿ ಗಾಳಿ ಬಿಡ್ತಾರಂತ. ಗುಳ್ಳಿ ಎದ್ದು ಎದ್ದು ಗ್ವಾಡಿ ಆಗ್ತದ, ಸದ್ದು ಅದರಾಗ ಸಾಯ್ತದ. ಡಾಲ್ಫಿನ್ನಿನಂಥದ್ದೇ ಒಂದು ಸಣ್ಣ ಜೀವ ಅದ ಅಲ್ಲಿ, ಅದರ ಕಿವಿ ಭಾಳ ನಾಜೂಕು, ಅದಕ್ಕೋಸ್ಕರ ಇಷ್ಟು.

ಕಂಪನಿ ಸಾಹೇಬನೂ ಸುಮ್ಮನಿರಲಿಲ್ಲ. ಹಕ್ಕಿ ಹಿಂಡು ದೇಶ ದಾಟಿ ಹೋಗೋ ದಿನ ರೆಕ್ಕಿ ನಿಧಾನ ಮಾಡ್ತೀವಿ ಅಂದ.

"ಕರೆಂಟಿಗಿಂತ ಹಕ್ಕಿ ಹೆಚ್ಚೇನು?" ಅಂತ ಕೇಳಿಸಿದೆ.

"ಅವತ್ತಿನ ಮಟ್ಟಿಗೆ ಹೆಚ್ಚು" ಅಂದ.

ಮನುಷ್ಯ ಕೆಟ್ಟವನಲ್ಲ.

ಮೊದಲು ಕಂಪನಿ ಕಲ್ಲಿನ ಬುಟ್ಟಿ ಎತ್ತಿದ್ರು. ಕ್ರೇನ್ ಎಳೀತು, ನೀರು ಸುರೀತು, ಬುಟ್ಟಿ ಬಂತು. ಕಲ್ಲಿನ ಮ್ಯಾಲೆಲ್ಲಾ ಬಣ್ಣ ಬಣ್ಣದ ಹೂವಿನಂಥ ಜೀವ, ಕಪ್ಪನ ಚಿಪ್ಪಿನ ಗೊಂಚಲು. ನೋಡಾಕ ತುಂಬಿದ ಬುಟ್ಟಿ. ಸಾಹೇಬನ ಮಾರಿ ಅರಳ್ತು. ಆಮ್ಯಾಲ ಸುಜಾತಾನ ಬುಟ್ಟಿ. ಮ್ಯಾಲ ಅದೇ ಹೂವು, ಅಷ್ಟೂ ಇಲ್ಲ, ಥೋಡೆ ಕಡಿಮಿ. ಮಿಕ್ಕಿದ್ದು ಕಲ್ಲು. ಸುಜಾತಾನ ಕೈ ಕಂಬಿ ಹಿಡಿದಿತ್ತು, ಬೆರಳು ಬೆಳ್ಳಗಾಗಿದ್ದವು. ನಾ ಬೈಯಾಕ ಬಂದಾಕಿ. ಬೈಯೋದು ಬಿಟ್ಟು ಅಕಿ ಬಾಜೂಕ ಹೋಗಿ ನಾನೂ ಕಂಬಿ ಹಿಡಿದೆ.

ಮಾರ್ಗ್ರೀಟ್‌ಬಾಯಿ ಮುಂದ ಬಂದ್ಲು. ಎರಡೂ ಬುಟ್ಟಿ ಎರಡು ದೊಡ್ಡ ತೊಟ್ಟಿ ಸಮುದ್ರದ ನೀರಾಗ ಇಳಿಸಿದ್ಲು. ಎಂಜಿನ್ ಬಂದ್ ಮಾಡಿಸಿದ್ಲು. ಎಲ್ಲರಿಗೂ ಕಾಫಿ ಕೊಟ್ಟು, ಯಾರೂ ಅಲುಗಾಡಬ್ಯಾಡ್ರಿ ಅಂತ ಬೆರಳು ತುಟಿ ಮ್ಯಾಲ ಇಟ್ಲು.

ನನಗ ತಿಳೀತು. ಬಾವಿಗೆ ಹೋಗಿ ಕೊಡ ಬಡಿದ್ರ ಒಂದು ಕಪ್ಪಿ ಕಾಣಂಗಿಲ್ಲ. ಕಟ್ಟಿ ಮ್ಯಾಲ ಸುಮ್ಮನ ಕೂತ್ರ, ಸ್ವಲ್ಪ ಹೊತ್ತಿಗೆ ಒಂದು ಮೂತಿ, ಆಮ್ಯಾಲ ಇನ್ನೊಂದು. ಸಂದಿಯಾಗ ಇರೋರು ಬಾಗಲದಾಗ ಬಂದು ಕೂಡಂಗಿಲ್ಲ. ನಾ ಸುಜಾತಾನ ಸೆರಗು, ಅಂದ್ರ ಆ ಕೇಸರಿ ಅಂಗಿ ತೋಳು ಹಿಡಿದು ಕೂಡಿಸಿದೆ. "ಬಾವಿ ಕಟ್ಟಿ ಮ್ಯಾಲ ಕೂತೀವಿ ಅಂತ ತಿಳಕೋ" ಅಂದೆ.

ಕಾಫಿ ಆರ್ತು. ಮೊದಲು ಸುಜಾತಾನ ಬುಟ್ಟಿಯಿಂದ ಎರಡು ಮೀಸಿ ಹೊರಗ ಬಂದವು, ಉದ್ದನವು, ಅಲ್ಲಾಡಾಕತ್ತವು. ಆಮ್ಯಾಲ ನೀಲಿ ಬಣ್ಣದ ದೊಡ್ಡ ಸಿಗಡಿ, ನನ್ನ ಮುಂಗೈಯಷ್ಟು ಕೊಂಡಿ. ಆಮ್ಯಾಲ ಸಂದಿ ಸಂದಿಯಿಂದ ಏಡಿ, ಒಂದು ದೊಡ್ಡದು, ಮರಿ ಎಷ್ಟೋ. ಗದ್ದಕ್ಕ ಒಂದೇ ಗಡ್ಡದ ಕೂದಲಿದ್ದ ಮೀನ ಮರಿ ಮೂರು ಒಂದರ ಹಿಂದ ಒಂದು ಬಂದು, ನಮ್ಮನ್ನ ನೋಡಿ, ಮತ್ತ ಒಳಗ ಹೋದವು. ಬುಟ್ಟಿ ತಳದ ಕಲ್ಲಿಗೆ ಎರಡು ವರ್ಷದ ಹಿಂದ ಬಿಟ್ಟ ಸಿಂಪಿ, ಬಳೆಯ ಬಾಯಿಯಷ್ಟು ಬೆಳೆದು, ಜೀವಂತ. ಕಂಪನಿ ಬುಟ್ಟಿಯಿಂದ ಎರಡು ಸಣ್ಣ ಏಡಿ ಬಂದವು, ಅಷ್ಟೇ. ಮ್ಯಾಲ ಹೂವು ಇತ್ತು, ಒಳಗ ಮನಿ ಇರಲಿಲ್ಲ.

ಸಾಹೇಬ ಮೊಣಕಾಲೂರಿ ಭಾಳ ಹೊತ್ತು ನೋಡಿದ. ಎದ್ದು ಸುಜಾತಾಗ ಹೇಳಿದ. ಅಕಿ ನನಗ ಹೇಳಿದ್ಲು.

"ಮನಿ ಛಲೋ ಕಟ್ಟೀರಿ ಅಂತಾರ. ಆದ್ರ ಈ ಸಿಂಪಿ ನಾವು ಹೊತ್ತು ತಂದು ಹಾಕಿದ್ದು. ವರ್ಷಾ ವರ್ಷಾ ಹೊತ್ತು ತಂದು ಹಾಕೋದಾದ್ರ ಅದು ತ್ವಾಟ ಆತು, ಸಮುದ್ರ ಆಗಲಿಲ್ಲ. ತಾವಾಗೇ ಹುಟ್ಟಿ ಬಂದು ಕೂತದ್ದು ತೋರಿಸ್ರಿ, ಮುಂದಿನ ಕಂಬಕ್ಕೆಲ್ಲಾ ಇದೇ ಕಲ್ಲು. ತೋರಿಸಲಿಲ್ಲಂದ್ರ ಇಲ್ಲಿಗೆ ಸಾಕು ಅಂತ."

ಸಿಟ್ಟು ಬಂತು, ಆದ್ರ ಮಾತು ಸುಳ್ಳಲ್ಲ. ಬಂದ ಸೊಸಿ ಬಾವಿಗೆ ನೀರು ಹೊತ್ತು ಹಾಕಿದ್ರ ಅದು ಬಾವಿ ಆಗ್ತದೇನು?

ಆಗ ಮಾರ್ಗ್ರೀಟ್‌ಬಾಯಿ ನನ್ನ ಬುಟ್ಟಿ ತರಿಸಿದ್ಲು. ತಿಕ್ಕಿದ ಚಿಪ್ಪು, ಬೆಳ್ಳಗ. ಸಾಹೇಬನ ಕೈಗೆ ಭೂತಗನ್ನಡಿ ಕೊಟ್ಟು, ಒಂದೊಂದೇ ನೋಡು ಅಂದ್ಲು. ನೋಡಿದ. ಇದರಾಗ ಏನೂ ಇಲ್ಲ ಅಂದ. ಹೌದು, ಏನೂ ಇಲ್ಲ, ಈ ಮುದುಕಿ ಏನೂ ಬಿಟ್ಟಿಲ್ಲ ಅಂದ್ಲು ಅಕಿ. ಇದನ್ನ ಆ ಸಿಂಪಿ ಕಲ್ಲಿನ ಪಕ್ಕಕ್ಕ ಇಳಸ್ತೀವಿ. ಬ್ಯಾಸಿಗಿ ಮುಗಿದ ಮ್ಯಾಲ ಎತ್ತೋಣ. ಇದರ ಮ್ಯಾಲ ಒಂದು ಮರಿ ಇದ್ರೂ ಅದು ಸಮುದ್ರದ್ದು, ನಮ್ಮದಲ್ಲ ಅಂದ್ಲು.

ಸಾಹೇಬ ಒಪ್ಪಿದ. ಬುಟ್ಟಿ ಇಳೀತು. ಹಗ್ಗ ಸರಸರ ಹೋಗಿ ನಿಂತಿತು.

ಹೊಳ್ಳಿ ಬರುವಾಗ ಮಾರ್ಗ್ರೀಟ್‌ಬಾಯಿ ನನ್ನ ಬಾಜೂಕ ಬಂದು ಕೂತ್ಲು. ಬಿಸ್ಕೀಟ್ ಡಬ್ಬಿ ತೆಗೆದು ನಮ್ಮಿಬ್ಬರ ನಡುವ ಇಟ್ಲು. ಒಂದು ತಗೊಂಡೆ. ಕೈ ಹಿಂದ ತಗೊಂಡು ಕಾದೆ. ಅಕಿ ಮುಚ್ಚಲಿಲ್ಲ. ದಂಡಿ ಬರೋ ತನಕ ಡಬ್ಬಿ ತೆರೆದೇ ಇತ್ತು. ನಾ ಐದು ತಿಂದೆ, ಅಕಿ ಲೆಕ್ಕ ನೋಡಲಿಲ್ಲ.

ಮತ್ತ ಹುಮನಾಬಾದ್

ಊರಿಗೆ ಬಂದು ಸ್ವಲ್ಪ ದಿನಕ್ಕ ಹೊಸ ಸುತ್ತಿಗಿ ತಗೊಂಡೆ. ಕೈಗೆ ಇನ್ನೂ ಒಗ್ಗಿಲ್ಲ. ಬೀಗರು ಸಿಕ್ಕಾಗ, "ಮೀನ ಎಣಿಸಿ ಬಂದೇನು?" ಅಂತ ಕೇಳಿದ್ರು. ಎಣಿಸಾಕತ್ತಾರ, ತಡೀರಿ ಅಂದೆ. ಒಳಗ ಮಾತ್ರ ಧೈರ್ಯ ಇರಲಿಲ್ಲ. ಸುಜಾತಾ ಫೋನಿನಾಗ ಜ್ವಾಳ ಹ್ಯಾಂಗ ಅದ, ಮೊಣಕಾಲು ಹ್ಯಾಂಗ ಅದ ಅಂತ ಕೇಳ್ತಿದ್ಲು. ಬುಟ್ಟಿ ಮಾತು ಅಕಿ ಎತ್ತಲಿಲ್ಲ, ನಾ ಕೇಳಲಿಲ್ಲ. ಒಂದು ತೊಟ್ಟಿ ತೊಳೆದಾಕಿ ನಾ, ಯಾವ ಬಾಯಿಲೆ ಕೇಳ್ಲಿ?

ಹಿಂಗಾರಿ ಜ್ವಾಳದ ಬಿತ್ತಿಗಿ ನಡೆದಿತ್ತು. ಬೀಜ ತರಾಕ ಹುಮನಾಬಾದ್‌ಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಾಗ ಚೀಲದ ಮ್ಯಾಲ ಕೂತಿದ್ದೆ. ಫೋನ್ ಬಂತು. ಗಾಳಿ ಸದ್ದು, ಎಂಜಿನ್ ಸದ್ದು. ದೋಣಿ ಮ್ಯಾಲಿಂದ ಮಾಡಾಕತ್ತಿದ್ಲು.

"ಆಯಿ, ನಿನ್ನ ಬುಟ್ಟಿ ಎತ್ತೀವಿ."

ನಾ ಫೋನ್ ಕಿವಿಗೆ ಒತ್ತಿ ಹಿಡಿದೆ.

"ಆಯಿ, ಕೇಳಾಕತ್ತೀದಿ ಇಲ್ಲೋ? ಏಳು ಅವ."

"ಏಳು ಏನು?"

"ಮರಿ. ಎಳ್ಳಿನಷ್ಟು. ತಾವಾಗೇ ಬಂದು ಕೂತಾವ. ಮಾರ್ಗ್ರೀಟ್ ಮೂರು ಸಲ ಎಣಿಸಿದ್ಲು. ಸಾಹೇಬನೂ ಎಣಿಸಿದ."

"ಸಾಹೇಬ ಏನಂದ?"

"ಮುಂದಿನ ಕಂಬಕ್ಕೆಲ್ಲಾ ನಮ್ಮ ಕಲ್ಲು."

ಬಾಜೂಕ ಕೂತಿದ್ದ ಹೆಣ್ಮಗಳು ನನ್ನ ಮಾರಿ ನೋಡಿ, "ಯಾಕವ್ವಾ, ಯಾರರ ತೀರಿಕೊಂಡ್ರೇನು?" ಅಂದ್ಲು. ಇಲ್ಲ, ಹುಟ್ಟ್ಯಾರ ಅಂದೆ.

"ಆಯಿ," ಸುಜಾತಾ ಅಂದ್ಲು, "ಏಳು ಅಂದ್ರ ಭಾಳ ಕಡಿಮಿ ಖರೆ. ಅಷ್ಟು ಚಿಪ್ಪಿನಾಗ ಬರೀ ಏಳು. ಆದ್ರೂ..."

"ಸುಮ್ಮನಿರು" ಅಂದೆ. "ನಾ ಬಂದಾಗ ನಮ್ಮ ಓಣ್ಯಾಗ ಎಷ್ಟು ಮನಿ ಇದ್ದವು?"

ಅಕಿ ಲೆಕ್ಕ ಹಾಕಲಿಲ್ಲ. ಅಕಿಗೆ ಗೊತ್ತಿತ್ತು.

ಮುಡಬಿ ಬಸ್ಸು ಬಂತು. ಬೀಜದ ಚೀಲ ಎತ್ತಿ ಹತ್ತಿದೆ.